ನೌಕರರನ್ನು ಏನು ಕೇಳಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ಅಡಿಕೆ ವಹಿವಾಟು ನಡೆಸುವ ಸಹಕಾರ ಸಂಘವೊಂದರಲ್ಲಿ ನಾನು ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕಚೇರಿ, ಗೋದಾಮು, ಕಿರಾಣಿ ವಿಭಾಗ, ಇಬ್ಬರು ಚಾಲಕರು ಎಲ್ಲ ಸೇರಿ 46 ಮಂದಿ ಇದ್ದೇವೆ. ನೌಕರರ ಅಭಿಪ್ರಾಯ ಸಂಗ್ರಹಿಸುವಂತೆ ಆಡಳಿತ ಮಂಡಳಿ ಸೂಚಿಸಿರುವುದರಿಂದ, ಇಂಗ್ಲಿಷ್ ಮಾದರಿಯೊಂದನ್ನು ಕನ್ನಡಕ್ಕೆ ತಂದು 52 ಪ್ರಶ್ನೆಗಳ ಪಟ್ಟಿ ಸಿದ್ಧಪಡಿಸಿದ್ದೇನೆ. ನಕಲು ಲಗತ್ತಿಸಿದೆ. ಇದು ಸರಿಯಾದೀತೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಅದರಲ್ಲಿ ಹದಿನೈದು ಪ್ರಶ್ನೆಗಳನ್ನು ಉಳಿಸಿಕೊಂಡರೆ ಸಾಕೆನಿಸುತ್ತದೆ. ಉತ್ತರ ಪ್ರತಿಕೂಲವಾಗಿ ಬಂದರೆ ಸಂಘವು ಏನನ್ನಾದರೂ ಬದಲಿಸಲು ಸಿದ್ಧವಿದೆಯೇ ಎಂದು ಪ್ರತಿಯೊಂದರ ಮುಂದೆಯೂ ನೀವೇ ಬರೆದು ನೋಡಿ. ಇಲ್ಲವೆಂದಾದರೆ ಅದನ್ನು ಹೊಡೆದುಹಾಕಿ. ಈ ವರ್ಷ ಸಂಬಳದ ವಿಚಾರವನ್ನು ಮಂಡಳಿ ಎತ್ತಿಕೊಳ್ಳುವುದಿಲ್ಲ ಎಂದು ಗೊತ್ತಿದ್ದೂ ಸಂಬಳದ ಬಗ್ಗೆ ಮೂರು ಪ್ರಶ್ನೆ ಕೇಳುವುದು ಆಸೆ ಹುಟ್ಟಿಸಿ ಕೈಬಿಟ್ಟಂತಾಗುತ್ತದೆ.

ಏಳನೆಯ ಪ್ರಶ್ನೆಯನ್ನು ನೋಡಿ: ‘ಮೇಲಧಿಕಾರಿಗಳೂ ಆಡಳಿತ ಮಂಡಳಿಯವರೂ ನಿಮ್ಮನ್ನು ಗೌರವದಿಂದ ಕಾಣುತ್ತಾರಲ್ಲವೇ?’ ವ್ಯವಸ್ಥಾಪಕರು ಒಳ್ಳೆಯವರು, ಮಂಡಳಿಯ ಒಬ್ಬರು ಮಾತ್ರ ಒರಟರು ಎನ್ನುವ ಗುಮಾಸ್ತರು ಇದಕ್ಕೆ ಏನೆಂದು ಗುರುತು ಹಾಕಬೇಕು? ಒಂದರೊಳಗೆ ಎರಡು ಪ್ರಶ್ನೆಗಳಿವೆ. ಜೊತೆಗೆ ‘ಅಲ್ಲವೇ’ ಎಂಬುದು ಹೌದೆನ್ನುವಂತೆ ಒತ್ತಾಯಿಸುತ್ತದೆ. ಹಿರಿಯರೆದುರು ಇಲ್ಲವೆನ್ನಲು ಮೊದಲೇ ಅಂಜುವ ನಮ್ಮಲ್ಲಿ ಅದರ ಅಗತ್ಯವೇ ಇರಲಿಲ್ಲ. ಬದಲಿಗೆ, ‘ಕಳೆದ ಮೂರು ತಿಂಗಳಲ್ಲಿ ನಿಮ್ಮ ಮೇಲಧಿಕಾರಿಗಳು ಇತರರ ಎದುರು ನಿಮ್ಮನ್ನು ಗದರಿಸಿದ್ದುಂಟೇ? ಇಲ್ಲ, ಒಮ್ಮೆ, ಹಲವು ಬಾರಿ’ ಎಂದು ಕೇಳಿ. ನಡೆದದ್ದನ್ನು ಕೇಳಿದರೆ ನೆನಪಿಸಿಕೊಂಡು ಹೇಳುತ್ತಾರೆ. ಭಾವನೆಯನ್ನು ಕೇಳಿದರೆ ನಿಮಗೆ ಹಿತವಾಗುವುದನ್ನು ಹೇಳುತ್ತಾರೆ.

‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗಿನ ಐದು ಹಂತಗಳ ಮಾಪನವನ್ನು ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲೈಕರ್ಟ್ 1932ರಲ್ಲಿ ಮುಂದಿಟ್ಟರು. ಅದು ತಪ್ಪಲ್ಲ, ಆದರೆ ಹೇಳಿಕೆ ಯಾವುದೇ ಇದ್ದರೂ ಒಪ್ಪಿಬಿಡುವ ಪ್ರವೃತ್ತಿ ಜನರಲ್ಲಿ ಇರುವುದರಿಂದ, ಪ್ರಶ್ನೆಗೆ ಹೊಂದುವ ‘ಯಾವಾಗಲೂ, ಹೆಚ್ಚಾಗಿ, ಕೆಲವೊಮ್ಮೆ, ಅಪರೂಪಕ್ಕೆ, ಇಲ್ಲವೇ ಇಲ್ಲ’ ಎಂಬಂಥ ಆಯ್ಕೆಗಳು ಹೆಚ್ಚು ನಿಜ ಹೇಳಿಸುತ್ತವೆ.

ನನಗೆ ಹೆಚ್ಚು ಆತಂಕ ತಂದದ್ದು ಪಟ್ಟಿಯ ಮೊದಲ ಪುಟ. ವಿಭಾಗ, ವಯಸ್ಸು, ಲಿಂಗ, ಸೇವಾವಧಿ ನಾಲ್ಕನ್ನೂ ಕೇಳಿದ್ದೀರಿ. ಇಬ್ಬರೇ ಚಾಲಕರಿರುವಲ್ಲಿ ವಯಸ್ಸು ಬರೆಸಿದರೆ ಹೆಸರು ಬರೆಸಿದಂತೆಯೇ ಆಯಿತು. ಹಿಂದೆ ಕಾರವಾರದಲ್ಲಿ ನಾನಿದ್ದ ಕಚೇರಿಯೊಂದರಲ್ಲಿ ‘ಹೆಸರು ಬೇಡ’ ಎಂದು ಹಾಳೆ ಹಂಚಿ, ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣ ಸಂಖ್ಯೆ ಹಾಕಿದ್ದರು. ಅದು ಕಣ್ಣಿಗೆ ಬಿದ್ದ ಮೇಲೆ ನಾವೆಲ್ಲರೂ ಎಲ್ಲಕ್ಕೂ ‘ಉತ್ತಮ’ ಎಂದೇ ಗುರುತು ಹಾಕಿದೆವು. ನೀವು ಕಚೇರಿ ಮತ್ತು ಹೊರಗಿನ ಕೆಲಸ ಎಂಬ ಎರಡೇ ಗುಂಪು ಮಾಡಿ. ಐವರಿಗಿಂತ ಕಡಿಮೆ ಮಂದಿಯ ಉತ್ತರವನ್ನು ಪ್ರತ್ಯೇಕವಾಗಿ ಮಂಡಳಿಯ ಮುಂದಿಡಬೇಡಿ. ಕೊನೆಯಲ್ಲಿ ‘ನಿಮ್ಮ ಕೆಲಸ ಸುಲಭವಾಗಲು ಮೊದಲು ಏನನ್ನು ಬದಲಿಸಬೇಕು?’ ಎಂಬ ಒಂದು ಮುಕ್ತ ಪ್ರಶ್ನೆ ಇರಲಿ. ಆದರೆ ಕೈಬರಹ ಎಲ್ಲರಿಗೂ ಪರಿಚಿತವಾದ್ದರಿಂದ ಆ ಉತ್ತರಗಳನ್ನು ಹೊರಗಿನವರೊಬ್ಬರು ಟೈಪ್ ಮಾಡಿಕೊಡುವುದು ಒಳ್ಳೆಯದು.

‘ಉದ್ಯೋಗಿ ತೊಡಗಿಸಿಕೊಳ್ಳುವಿಕೆಯ ಮಟ್ಟ’ ಎಂಬ ಅನುವಾದವನ್ನು ದಯವಿಟ್ಟು ಕೈಬಿಡಿ. ಹಂಚುವ ಮೊದಲು ಗೋದಾಮಿನಲ್ಲಿ ಚೀಲ ತೂಗುವ ಒಬ್ಬರಿಗೆ ಪಟ್ಟಿಯನ್ನು ಓದಿ ಹೇಳಿ, ಪ್ರತಿ ಪ್ರಶ್ನೆಗೂ ತಮಗೆ ಅರ್ಥವಾದದ್ದನ್ನು ತಮ್ಮ ಮಾತಿನಲ್ಲಿ ಹೇಳಲು ಕೋರಿ. ಅವರು ತಡವರಿಸಿದಲ್ಲೆಲ್ಲ ಪ್ರಶ್ನೆಯನ್ನು ತಿದ್ದಿ. ಅಡಿಕೆ ಆವಕ ಹೆಚ್ಚಿರುವ ದಿನಗಳಲ್ಲಿ, ಮಾರಿಕಾಂಬಾ ಜಾತ್ರೆಯ ವಾರದಲ್ಲಂತೂ, ಇದನ್ನು ಇಟ್ಟುಕೊಳ್ಳಬೇಡಿ.