ಟಿಟ್ಟಿಭದ ಮರಿ ಓಡುತ್ತೆ, ಮಡಿವಾಳ ಹಕ್ಕಿಯದು ಯಾಕೆ ಓಡಲ್ಲ?

ಪ್ರಶ್ನೆ: ಪಕ್ಕದ ಖಾಲಿ ಸೈಟಿನಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿತ್ತು. ಮರಿಗಳು ಹುಟ್ಟಿದ ದಿನವೇ ಓಡಾಡಿದವು! ನಮ್ಮ ಕಾಂಪೌಂಡ್ ಗೋಡೆಯ ತೂತಿನಲ್ಲಿರುವ ಮಡಿವಾಳ ಹಕ್ಕಿಯ ಮರಿಗಳು ಇನ್ನೂ ಕಣ್ಣೇ ಬಿಟ್ಟಿಲ್ಲ. ಯಾಕೆ ಹೀಗೆ? ನಿನ್ನೆ ಟಿಟ್ಟಿಭದ ಮರಿಯೊಂದು ಒಂಟಿಯಾಗಿ ಮುದುರಿ ಕೂತಿತ್ತು. ಮನೆಗೆ ತಂದು ಸಾಕಬಹುದಾ?

ಉತ್ತರ: ಬೇಡ, ದಯವಿಟ್ಟು ಅದನ್ನು ಮುಟ್ಟಬೇಡಿ. ಅದು ಒಂಟಿಯಾಗಿರಲಿಲ್ಲ. ನೀವು ಹತ್ತಿರ ಬಂದಾಗ ಅಪ್ಪನೋ ಅಮ್ಮನೋ ಕಿರುಚಿರುತ್ತದೆ. ಆ ಕೂಗು ಕೇಳಿದರೆ ಮರಿ ಇದ್ದಲ್ಲೇ ಅಲ್ಲಾಡದೆ ಕೂರುತ್ತದೆ. ಮಣ್ಣಿನದೇ ಬಣ್ಣ, ಕಾಣುವುದೇ ಕಷ್ಟ. ನೀವು ದೂರ ಹೋದರೆ ಸಾಕು, ಎದ್ದು ಓಡುತ್ತದೆ.

ಇನ್ನು ವ್ಯತ್ಯಾಸದ ವಿಷಯ. ಟಿಟ್ಟಿಭ ನೀರಂಚಿನಲ್ಲಿ ನಡೆದಾಡುವ ಉದ್ದ ಕಾಲಿನ ಹಕ್ಕಿಗಳ ಬಳಗದ್ದು, ಒಣ ಬಯಲಿನಲ್ಲೂ ಇರುತ್ತದೆ. ಗೂಡು ಅಂದರೆ ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು, ಅಷ್ಟೇ. ನಾಯಿ, ಬೆಕ್ಕು, ಕಾಗೆ ಎಲ್ಲಕ್ಕೂ ತೆರೆದ ಜಾಗ. ಅಂಥ ಕಡೆ ಕಣ್ಣು ಬಿಡದ ಮರಿ ಎಷ್ಟು ದಿನ ಉಳಿದೀತು? ಹಾಗಾಗಿ ಅದರ ಬೆಳವಣಿಗೆ ಜಾಸ್ತಿ ಮೊಟ್ಟೆಯೊಳಗೇ ಮುಗಿಯುತ್ತದೆ. ಮೊಟ್ಟೆಯೂ ಮೈಗೆ ಹೋಲಿಸಿದರೆ ದೊಡ್ಡದು, ಕಾವು 28ರಿಂದ 30 ದಿನ. ಗಂಡು, ಹೆಣ್ಣು ಸರದಿಯಲ್ಲಿ ಕೂರುತ್ತವೆ. ಬಿಸಿಲು ಜೋರಾದರೆ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದೂ ಉಂಟು. ನನಗೆ ಈ ಹಕ್ಕಿಯ ಮೇಲೆ ಮೋಹ ಹುಟ್ಟಿದ್ದೇ ಇದರಿಂದ. ಹುಟ್ಟಿದ ಮರಿಗೆ ಮೈತುಂಬ ತುಪ್ಪಳ, ಗಟ್ಟಿ ಕಾಲು. ಹುಳ ಹುಡುಕಿ ತಾನೇ ತಿನ್ನುತ್ತದೆ. ಅಪ್ಪ ಅಮ್ಮನ ಕೆಲಸ ಕಾವಲು ಕಾಯುವುದು, ಮೈಯಡಿ ಬೆಚ್ಚಗಿಡುವುದು.

ಮಡಿವಾಳ ಹಕ್ಕಿಗೆ ತೂತಿನ ಗೂಡೇ ಕೋಟೆ. ಅದಕ್ಕೆ ಅಷ್ಟು ಅವಸರವಿಲ್ಲ. ಸಣ್ಣ ಮೊಟ್ಟೆ, ಎರಡು ವಾರದೊಳಗೆ ಕಾವು ಮುಗಿಯುತ್ತದೆ, ಕಾವಿಗೆ ಕೂರುವುದು ಹೆಣ್ಣು ಮಾತ್ರ. ಬೋಳು ಮೈಯ ಮರಿಗಳು ಬಾಯಿ ತೆರೆದು ಕೂರುತ್ತವೆ, ದೊಡ್ಡವು ದಿನವಿಡೀ ಹುಳ ತಂದು ತುರುಕಬೇಕು. ಆದರೆ ಈ ಸೋಮಾರಿ ಮರಿ ಮುಂದೆ ಒಂದು ವಿದ್ಯೆ ಕಲಿಯುತ್ತದೆ. ಮಡಿವಾಳ ಹಕ್ಕಿಯಂಥ ಹಾಡುಹಕ್ಕಿಗಳು ದೊಡ್ಡವರ ಹಾಡು ಕೇಳಿ ಕೇಳಿ ತಮ್ಮ ಹಾಡು ಕಟ್ಟಿಕೊಳ್ಳುತ್ತವೆ. ಟಿಟ್ಟಿಭಕ್ಕೆ ಆ ಪಾಠ ಬೇಕಿಲ್ಲ, ಅದರ ಕೂಗು ಹುಟ್ಟಿನಿಂದಲೇ ಬರುತ್ತದೆ.

ಗೋಡೆಯ ಗೂಡಿನಿಂದ ಬೋಳು ಮರಿ ಕೆಳಗೆ ಬಿದ್ದರೆ ಮಾತ್ರ ಮೆಲ್ಲಗೆ ಎತ್ತಿ ವಾಪಸ್ ಒಳಗಿಡಿ. ಮನುಷ್ಯ ಮುಟ್ಟಿದ ಅಂತ ತಾಯಿ ಬಿಟ್ಟುಹೋಗುತ್ತದೆ ಅನ್ನುವುದು ಸುಮ್ನೆ ಮಾತು. ಟಿಟ್ಟಿಭದ ಮರಿಗಳು ಹಾರುವ ತನಕ ಸೈಟಿನ ಕಳೆ ತೆಗೆಸಬೇಡಿ, ನಾಯಿ ಇದ್ದರೆ ಕಟ್ಟಿಹಾಕಿ.