ಮೇಷ್ಟ್ರು ವರ್ಗವಾದರೆ ಕಾಲೇಜಿನ ನೆನಪೂ ಹೋಗಬೇಕಾ?

ಪ್ರಶ್ನೆ: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಉಪನ್ಯಾಸಕಿ. ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆ) ಕೆಲಸ ನೋಡುತ್ತಿದ್ದ ಸರ್ ವರ್ಗವಾಗಿ ಹೋದರು. ಐದು ವರ್ಷದ ವರದಿ, ಫೋಟೊ, ಹಾಜರಾತಿ ಪಟ್ಟಿ ಎಲ್ಲ ಅವರ ಸ್ವಂತ ಜಿಮೇಲ್‌ನಲ್ಲಿವೆ. ಈಗ ಪ್ರಿನ್ಸಿಪಾಲರು ನಾಲೆಡ್ಜ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ (ಸಂಸ್ಥೆಯ ಮಾಹಿತಿ, ತಿಳಿವಳಿಕೆಯನ್ನೆಲ್ಲ ಒಂದೆಡೆ ಕೂಡಿಡುವಂಥದ್ದು) ಕೊಳ್ಳೋಣ ಅಂತಿದ್ದಾರೆ. ನಿಜಕ್ಕೂ ಬೇಕಾ?
— ಒಬ್ಬ ಓದುಗರು, ಹಾಸನ ಜಿಲ್ಲೆ

ಉತ್ತರ: ಈಗಲೇ ಬೇಡ ಮೇಡಂ. ಮೊದಲು ಆ ಸರ್‌ಗೆ ಫೋನ್ ಮಾಡಿ, ಇರುವ ಫೈಲುಗಳನ್ನೆಲ್ಲ ತರಿಸಿಕೊಳ್ಳಿ. ಆಮೇಲೆ ಹುದ್ದೆಯ ಹೆಸರಲ್ಲಿ ಒಂದು ಇಮೇಲ್ ಮಾಡಿಸಿ. ಐಕ್ಯೂಎಸಿ (ಕಾಲೇಜಿನೊಳಗೇ ಗುಣಮಟ್ಟ ನೋಡಿಕೊಳ್ಳುವ ಘಟಕ) ಸಂಯೋಜಕರು ಯಾರೇ ಆಗಲಿ, ಇಮೇಲ್ ಮಾತ್ರ ಅದೇ. ಪಾಸ್‌ವರ್ಡ್ ಪ್ರಿನ್ಸಿಪಾಲರ ಬಳಿಯೂ ಇರಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನ್ಯಾಕ್ 1994ರಿಂದ ಇದೆ, ಅದರ ಕಚೇರಿಯೂ ನಮ್ಮ ಬೆಂಗಳೂರಲ್ಲೇ. ಆದರೂ ಎಷ್ಟೋ ಕಾಲೇಜುಗಳಲ್ಲಿ ತಂಡ ಬರುವ ಹೊತ್ತಿಗೆ ಮಾತ್ರ ಫೈಲುಗಳ ನೆನಪಾಗುತ್ತದೆ. ನ್ಯಾಕ್‌ಗೆ ವರ್ಷ ವರ್ಷ ಕಳಿಸುವ ಎಕ್ಯೂಎಆರ್ ಅನ್ನುವ ಗುಣಮಟ್ಟದ ವರದಿಗೆ ಬೇಕಾದ್ದನ್ನು ಕಾರ್ಯಕ್ರಮ ಮುಗಿದ ದಿನವೇ ಒಂದು ಕಡೆ ಹಾಕಿಟ್ಟರೆ ಕೊನೆಗೆ ರಾತ್ರಿಯಿಡೀ ಕೂರುವ ಕೆಲಸ ತಪ್ಪುತ್ತದೆ, ಅಲ್ವಾ?

ಆದರೆ ಫೈಲು ಸುಲಭದ ಭಾಗ. ಜಪಾನಿನ ನೊನಾಕಾ, ತಕೆಉಚಿ ಅನ್ನುವ ಇಬ್ಬರು 1995ರಲ್ಲಿ ಅಲ್ಲಿನ ಕಂಪನಿಗಳ ಬಗ್ಗೆ ಬರೆಯುತ್ತಾ ಇದನ್ನೇ ಒತ್ತಿ ಹೇಳಿದರು. ಕಾಗದದಲ್ಲಿರುವ ತಿಳಿವಳಿಕೆ ಒಂದು ಬಗೆ, ಜನರ ತಲೆಯಲ್ಲಿ, ಕೈಯಲ್ಲಿ ಇರುವುದು ಇನ್ನೊಂದು ಬಗೆ. ನಿಮ್ಮ ಫಿಸಿಕ್ಸ್ ಲ್ಯಾಬನ್ನೇ ನೋಡಿ. ಯಾವ ಸ್ಪೆಕ್ಟ್ರೋಮೀಟರಿನ ಸ್ಕ್ರೂ ಸಡಿಲ, ಯಾವ ಸೋಡಿಯಂ ದೀಪ ತಡವಾಗಿ ಹತ್ತುತ್ತದೆ, ಯಾವ ಪ್ರಯೋಗದಲ್ಲಿ ಮಕ್ಕಳು ಪ್ರತಿ ವರ್ಷ ಒಂದೇ ತಪ್ಪು ಮಾಡುತ್ತಾರೆ — ಇದೆಲ್ಲ ಅಟೆಂಡರಿಗೆ ಗೊತ್ತು, ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವರು ನಿವೃತ್ತರಾದ ಮೇಲೆ ಕೇಳೋದು ಯಾರನ್ನ? ಹೋಗುವ ಮುಂಚೆ ಹೊಸಬರನ್ನು ಅವರ ಜೊತೆ ನಿಲ್ಲಿಸಿ, ಮೊಬೈಲಿನಲ್ಲಿ ವಿಡಿಯೊ ಮಾಡಿ, ಒಂದೆರಡು ಪುಟ ಬರೆಸಿ.

ಅತಿಥಿ ಉಪನ್ಯಾಸಕರ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಿದೆ. ಜಾಸ್ತಿ ಪಾಠ ಮಾಡುವವರು ಅವರೇ ಆಗಿರುವ ಕಾಲೇಜುಗಳಿವೆ. ಅವರು ಕಷ್ಟಪಟ್ಟು ಮಾಡಿದ ನೋಟ್ಸ್ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ, ಯಾಕೆಂದರೆ ಯಾರೂ ಕೇಳಿರುವುದೇ ಇಲ್ಲ. ಕೇಳಿ, ಅವರ ಹೆಸರು ಹಾಕಿಯೇ ಇಡಿ. ಹೆಸರಿಲ್ಲದೆ ಬಳಸಿಕೊಂಡರೆ ಇನ್ನೊಮ್ಮೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು.

ಪ್ರಶ್ನೆ: ಎಂ.ಎ. ಪ್ರಾಜೆಕ್ಟಿಗಾಗಿ ನಮ್ಮೂರ ಕೆರೆಗಳ ಬಗ್ಗೆ ಊರೂರು ತಿರುಗಿ ಬರೆದೆ. ಪ್ರತಿ ಈಗ ವಿಭಾಗದ ಬೀರುವಿನಲ್ಲಿದೆ. ಅದು ನಾಲ್ಕು ಜನಕ್ಕೆ ಸಿಗೋ ಹಾಗೆ ಮಾಡೋದು ಹೇಗೆ?
— ಒಬ್ಬ ವಿದ್ಯಾರ್ಥಿ, ತುಮಕೂರು

ಉತ್ತರ: ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಅನ್ನುವ ವೆಬ್‌ಸೈಟ್ ಇದೆ. ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಎಂ.ಎ. ಪ್ರಾಜೆಕ್ಟುಗಳನ್ನು ಇಡುವ ಹೊಣೆ ಮಾತ್ರ ವಿಭಾಗದ್ದು, ಲೈಬ್ರರಿಯದ್ದು. ನಿಮ್ಮ ಲೈಬ್ರರಿಯನ್‌ರನ್ನು ಕಂಡು ಪ್ರಬಂಧ, ವರದಿಗಳನ್ನು ಕೂಡಿಟ್ಟು ಆನ್‌ಲೈನಿನಲ್ಲಿ ಸಿಗುವಂತೆ ಮಾಡುವ ಡಿಸ್ಪೇಸ್ ಹಾಕಿಸಲು ಆಗುತ್ತಾ ಕೇಳಿ. 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಕಂಪನಿ ಸೇರಿ ಹೊರತಂದ ಸಾಫ್ಟ್‌ವೇರ್ ಅದು. ದುಡ್ಡು ಕೊಡಬೇಕಿಲ್ಲ, ಶೋಧಗಂಗಾ ನಡೆಯುವುದೂ ಅದರ ಮೇಲೆಯೇ. ಆದರೆ ಒಂದು ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬರು ಬೇಕೇ ಬೇಕು. ಅಷ್ಟು ಆಗದಿದ್ದರೆ ಕಾಲೇಜಿನ ವೆಬ್‌ಸೈಟಿನಲ್ಲಿ ಪಿಡಿಎಫ್ ಹಾಕಿಸಿ. ಶೀರ್ಷಿಕೆ, ವರ್ಷ, ಊರಿನ ಹೆಸರು, ಕೆರೆಗಳ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ. ಸುಮ್ನೆ ಸ್ಕ್ಯಾನ್ ಚಿತ್ರ ಹಾಕಿದರೆ ಹುಡುಕಿದವರಿಗೆ ಸಿಗುವುದು ಕಷ್ಟ. ಗೈಡ್ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ನಿಮಗೆ ಮಾಹಿತಿ ಕೊಟ್ಟ ಊರಿನವರ ಫೋನ್ ನಂಬರುಗಳು ಹಿಂದಿನ ಪುಟಗಳಲ್ಲಿದ್ದರೆ ಹಾಕುವ ಮುಂಚೆ ತೆಗೆದುಬಿಡಿ.