ಗಣಕ ಸಲಹೆ: ಪರದೆ ಒಂದೇ, ವಿಂಡೋ ಹತ್ತು

ಈ ಸಂಚಿಕೆಗೆ ಕೊಡಗಿನ ಓದುಗರ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ. ಒಬ್ಬರದು ತೋಟದ ಲೆಕ್ಕ, ಇನ್ನೊಬ್ಬರದು ಹೋಂಸ್ಟೇ, ಮತ್ತೊಬ್ಬರದು ಟೈಪಿಂಗ್ ಕೆಲಸ. ತಕರಾರು ಮಾತ್ರ ಎಲ್ಲರದೂ ಒಂದೇ: ತೆರೆದಿಟ್ಟದ್ದು ಬೇಕೆಂದಾಗ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: 15.6 ಇಂಚಿನ ಲ್ಯಾಪ್‌ಟಾಪ್, ವಿಂಡೋಸ್ 11. ಕೊಯ್ಲಿನ ತೂಕದ ಎಕ್ಸೆಲ್ ಹಾಳೆ, ಮಳೆಯ ಇಂಚು-ಸೆಂಟಿನ ಹಾಳೆ, ಕಾಫಿ ದರದ ಪುಟ, ವಾಟ್ಸ್‌ಆ್ಯಪ್ ನಾಲ್ಕೂ ಒಟ್ಟಿಗೆ ಬೇಕು. ಮೂರು ಕಂಬಸಾಲಾಗಿ ಜೋಡಿಸುವ ವಿನ್ಯಾಸ ಬೇರೆಯವರ ಕಂಪ್ಯೂಟರಿನಲ್ಲಿ ಇದೆ, ನಮ್ಮದರಲ್ಲಿ ಇಲ್ಲ. ನಾಲ್ಕು ಮೂಲೆಗೆ ಹಾಕಿದರೆ ಏನೂ ಓದಲಾಗುವುದಿಲ್ಲ. ಏಕೆ? (ಸೋಮವಾರಪೇಟೆ)

ಉತ್ತರ: ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಅದಕ್ಕೆ ಅಗಲ ಸಾಲದು, ಅಷ್ಟೆ. ಈ ಅಳತೆಯ ಫುಲ್ ಎಚ್‌ಡಿ ಪರದೆಯಲ್ಲಿ ಚುಕ್ಕಿಗಳು 1920×1080 ಇದ್ದರೂ, ಅಕ್ಷರ ದೊಡ್ಡದಾಗಿ ಕಾಣಲೆಂದು ಸ್ಕೇಲ್ ಸಾಮಾನ್ಯವಾಗಿ 125% ಇರುತ್ತದೆ. 1920ನ್ನು 1.25ರಿಂದ ಭಾಗಿಸಿ: ವಿಂಡೋಗಳಿಗೆ ನಿಜವಾಗಿ ಸಿಗುವ ಅಗಲ 1536. ಮೂರು ಕಂಬಸಾಲಿನ ವಿನ್ಯಾಸವನ್ನು ವಿಂಡೋಸ್ ತೋರಿಸುವುದು ಈ ಲೆಕ್ಕದ ಅಗಲ 1920 ಅಥವಾ ಹೆಚ್ಚು ಇದ್ದಾಗ. ಸೆಟ್ಟಿಂಗ್ಸ್ > ಸಿಸ್ಟಂ > ಡಿಸ್‌ಪ್ಲೇಗೆ ಹೋಗಿ ಸ್ಕೇಲ್ 100% ಮಾಡಿದರೆ ಅದು ಬರುತ್ತದೆ. ಆದರೆ ಅಕ್ಷರಗಳು ಸಾಸಿವೆ ಕಾಳಿನಷ್ಟಾಗುತ್ತವೆ. ದಿನವಿಡೀ ಅಂಕಿ ನೋಡುವವರಿಗೆ ನಾವು ಅದನ್ನು ಹೇಳುವುದಿಲ್ಲ.

ನಾಲ್ಕು ಮೂಲೆಯ ಲೆಕ್ಕವೂ ಹೀಗೆಯೇ. 1080 ಎತ್ತರ 125%ರಲ್ಲಿ 864. ಕೆಳಗಿನ ಟಾಸ್ಕ್‌ಬಾರ್‌ಗೆ 48 ಹೋದರೆ 816, ಅದರಲ್ಲಿ ಅರ್ಧ 408. ಎಕ್ಸೆಲ್‌ನ ಶೀರ್ಷಿಕೆ ಪಟ್ಟಿ, ರಿಬ್ಬನ್ (ಬಟನ್‌ಗಳ ಪಟ್ಟಿ), ಸೂತ್ರದ ಪಟ್ಟಿ ಸೇರಿ ಸುಮಾರು 200 ತಿನ್ನುತ್ತವೆ, ಕೆಳಗೆ ಹಾಳೆಯ ಹೆಸರು ಮತ್ತು ಸ್ಟೇಟಸ್ ಪಟ್ಟಿ ಇನ್ನಷ್ಟು. ಉಳಿಯುವುದು ಏಳೆಂಟು ಸಾಲು. ಅಷ್ಟರಲ್ಲಿ ಒಂದು ಲೈನ್ ಮನೆಯ ಕಾರ್ಮಿಕರ ಕೊಯ್ಲಿನ ತೂಕವೂ ಹಿಡಿಸುವುದಿಲ್ಲ. ಕಂಟ್ರೋಲ್ + ಎಫ್1 ಒತ್ತಿ ರಿಬ್ಬನ್ ಮಡಚಿದರೆ ನಾಲ್ಕೈದು ಸಾಲು ಹೆಚ್ಚು ಸಿಗುತ್ತದೆ. ಮತ್ತೆ ಅದೇ ಒತ್ತಿದರೆ ರಿಬ್ಬನ್ ವಾಪಸ್.

ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಹರವಬೇಡಿ. ಕಣದಲ್ಲಿ ಹಿಡಿಸುವಷ್ಟೇ ಚೆರಿ ಹರಡುತ್ತೀರಲ್ಲ, ಹಾಗೆ. ಒಂದರಿಂದ ಒಂದಕ್ಕೆ ಅಂಕಿ ಸಾಗಿಸಬೇಕಾದ ಎರಡು ಯಾವುವು ಎಂದು ನೋಡಿ. ನಿಮ್ಮ ಪಟ್ಟಿಯಲ್ಲಿ ಅವು ತೂಕದ ಹಾಳೆ ಮತ್ತು ವಾಟ್ಸ್‌ಆ್ಯಪ್, ಮೇಸ್ತ್ರಿ ತೂಕ ಕಳಿಸುವುದು ಅದರಲ್ಲಿಯೇ ಆದರೆ. ಎಕ್ಸೆಲ್ ಮೇಲೆ ಕ್ಲಿಕ್ ಮಾಡಿ ವಿಂಡೋಸ್ ಕೀ + ಝಡ್ ಒತ್ತಿ. ಪಟ್ಟಿಯಲ್ಲಿ ಒಂದು ಭಾಗ ಅಗಲ, ಇನ್ನೊಂದು ಕಿರಿದು ಇರುವ ಚಿತ್ರದ ಅಗಲ ಭಾಗ ಆರಿಸಿ. ಉಳಿದ ವಿಂಡೋಗಳು ಪಕ್ಕದಲ್ಲಿ ಚಿಕ್ಕ ಚಿತ್ರಗಳಾಗಿ ಬರುತ್ತವೆ, ವಾಟ್ಸ್‌ಆ್ಯಪ್ ಒತ್ತಿ. ನಡುವಿನ ಗೆರೆ ಹಿಡಿದು ಎಳೆದರೆ ಒಂದು ಅಗಲವಾದಂತೆ ಇನ್ನೊಂದು ತಾನೇ ಕಿರಿದಾಗುತ್ತದೆ. ಒಂದು ಹಂತದಲ್ಲಿ ಗೆರೆ ಸರಿಯಲು ಒಲ್ಲದು: ಪ್ರತಿ ಆ್ಯಪ್‌ಗೂ ಇದಕ್ಕಿಂತ ಕಿರಿದಾಗೆನು ಎಂಬ ಮಿತಿಯೊಂದಿದೆ. ಒತ್ತಾಯ ಮಾಡಿ ಪ್ರಯೋಜನವಿಲ್ಲ.

ದರದ ಪುಟ, ಮಳೆ ಹಾಳೆಗಳಿಗೆ ಎರಡನೆಯ ಡೆಸ್ಕ್‌ಟಾಪ್ ಮಾಡಿ. ವಿಂಡೋಸ್ + ಕಂಟ್ರೋಲ್ + ಡಿ ಒತ್ತಿದರೆ ಖಾಲಿ ಡೆಸ್ಕ್‌ಟಾಪ್ ತೆರೆಯುತ್ತದೆ, ಅಲ್ಲಿ ಅವೆರಡನ್ನು ತೆರೆಯಿರಿ. ವಿಂಡೋಸ್ + ಕಂಟ್ರೋಲ್ ಹಿಡಿದು ಎಡ ಬಲ ಬಾಣ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಿ ಬರಬಹುದು. ವಾಟ್ಸ್‌ಆ್ಯಪ್ ಎರಡೂ ಕಡೆ ಬೇಕಾದರೆ ವಿಂಡೋಸ್ + ಟ್ಯಾಬ್ ಒತ್ತಿ, ಅದರ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ, ಈ ವಿಂಡೋವನ್ನು ಎಲ್ಲ ಡೆಸ್ಕ್‌ಟಾಪ್‌ನಲ್ಲಿ ತೋರಿಸು ಎಂಬ ಅರ್ಥದ ಸಾಲನ್ನು ಆರಿಸಿ. ಡೆಸ್ಕ್‌ಟಾಪ್ ಮುಚ್ಚಲು ವಿಂಡೋಸ್ + ಕಂಟ್ರೋಲ್ + ಎಫ್4. ಮುಚ್ಚಿದರೆ ಅದರಲ್ಲಿದ್ದವು ಹಾಳಾಗುವುದಿಲ್ಲ, ಪಕ್ಕದ ಡೆಸ್ಕ್‌ಟಾಪ್‌ಗೆ ಬಂದು ಸೇರುತ್ತವೆ.

ಹಳೆಯ 1366×768 ಪರದೆಯವರಿಗೆ ಒಂದು ಮಾತು. ಅರ್ಧ ಭಾಗ ಎಂದರೆ 683. ಅಷ್ಟು ಕಿರಿದಾದೊಡನೆ ಎಷ್ಟೋ ಜಾಲತಾಣಗಳು ಮೊಬೈಲ್ ರೂಪಕ್ಕೆ ಬದಲಾಗಿ ಬೇಕಾದ ಬಟನ್ ಮಾಯವಾಗುತ್ತದೆ. ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಮೈನಸ್ ಒತ್ತಿ 80%ಗೆ ಇಳಿಸಿ. ಆಗ ಪುಟ ತನಗೆ 854 ಅಗಲವಿದೆಯೆಂದು ತಿಳಿದು ಪೂರ್ತಿ ರೂಪದಲ್ಲಿ ಬರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಪತ್ರ ಬರೆಯುವ ಕಚೇರಿಯಲ್ಲಿ ಟೈಪಿಂಗ್ ನನ್ನ ಕೆಲಸ. ಪಹಣಿ ನೋಡಿಕೊಂಡು ವರ್ಡ್‌ನಲ್ಲಿ ಕರಡು ಟೈಪ್ ಮಾಡಬೇಕು. ಪಹಣಿಯ ಪಿಡಿಎಫ್ ಬ್ರೌಸರಿನ ಟ್ಯಾಬ್‌ನಲ್ಲೇ ತೆರೆಯುತ್ತದೆ, ಪಕ್ಕಕ್ಕೆ ತರಲಾಗುವುದಿಲ್ಲ. ಇನ್ನೂ ದೊಡ್ಡ ತಲೆನೋವು: ವರ್ಡ್‌ನಲ್ಲಿ ಕನ್ನಡ ಹಾಕಿಕೊಂಡು ಬ್ರೌಸರಿಗೆ ಬಂದರೆ ಅಲ್ಲಿಯೂ ಕನ್ನಡ. ಪಾಸ್‌ವರ್ಡ್ ತಪ್ಪಾಗಿ ಹೋಗುತ್ತದೆ. (ವಿರಾಜಪೇಟೆ)

ಉತ್ತರ: ಮೊದಲನೆಯದು ಸುಲಭ. ಟ್ಯಾಬ್ ಎಂದರೆ ವಿಂಡೋ ಅಲ್ಲ, ವಿಂಡೋದೊಳಗಿನ ಹಾಳೆ. ಪಹಣಿಯ ಟ್ಯಾಬನ್ನು ಮೌಸ್‌ನಿಂದ ಹಿಡಿದು ಟ್ಯಾಬ್ ಸಾಲಿನಿಂದ ಕೆಳಗೆಳೆದು ಬಿಡಿ, ಅದು ಸ್ವತಂತ್ರ ವಿಂಡೋ ಆಗುತ್ತದೆ. ಅದನ್ನು ವಿಂಡೋಸ್ + ಎಡ ಬಾಣದಿಂದ ಎಡಕ್ಕೆ, ವರ್ಡನ್ನು ವಿಂಡೋಸ್ + ಬಲ ಬಾಣದಿಂದ ಬಲಕ್ಕೆ. ಎಡ್ಜ್ ಬ್ರೌಸರಿನಲ್ಲಿ ಒಂದೇ ವಿಂಡೋದಲ್ಲಿ ಎರಡು ಪುಟ ತೋರಿಸುವ ಸ್ಪ್ಲಿಟ್ ಸ್ಕ್ರೀನ್ ಇದೆ, ಎರಡು ಪಹಣಿ ಹೋಲಿಸುವಾಗ ಅದು ಚೆನ್ನ.

ಎರಡು ಕರಡುಗಳನ್ನು ಸಾಲುಸಾಲು ತಾಳೆ ನೋಡಬೇಕೆಂದಾಗ ವಿಂಡೋ ಜೋಡಣೆಗಿಂತ ವರ್ಡ್‌ನದೇ ದಾರಿ ಒಳ್ಳೆಯದು. ಎರಡನ್ನೂ ತೆರೆದು ವ್ಯೂ > ವ್ಯೂ ಸೈಡ್ ಬೈ ಸೈಡ್ ಒತ್ತಿ. ಒಂದನ್ನು ಸರಿಸಿದರೆ ಇನ್ನೊಂದೂ ಜೊತೆಗೆ ಸರಿಯುತ್ತದೆ. ಒಂದರಲ್ಲಿ ಹೊಸ ಪ್ಯಾರಾ ಸೇರಿ ಸಾಲು ತಪ್ಪಿದರೆ ಸಿಂಕ್ರೊನಸ್ ಸ್ಕ್ರೋಲಿಂಗ್ ತಾತ್ಕಾಲಿಕವಾಗಿ ನಿಲ್ಲಿಸಿ, ಎರಡನ್ನೂ ಸರಿಹೊಂದಿಸಿ, ಮತ್ತೆ ಹಾಕಿ.

ಭಾಷೆಯ ವಿಷಯ. ನಾವಾಗಿ ಬದಲಿಸುವವರೆಗೆ ವಿಂಡೋಸ್ ಎಲ್ಲ ವಿಂಡೋಗಳಿಗೂ ಒಂದೇ ಕೀಲಿಮಣೆ ಇಟ್ಟುಕೊಳ್ಳುವಂತೆ ಇರುತ್ತದೆ. ಸೆಟ್ಟಿಂಗ್ಸ್ > ಟೈಮ್ ಆ್ಯಂಡ್ ಲ್ಯಾಂಗ್ವೇಜ್ > ಟೈಪಿಂಗ್ > ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ, ಪ್ರತಿ ಆ್ಯಪ್ ವಿಂಡೋಗೂ ಬೇರೆ ಇನ್‌ಪುಟ್ ವಿಧಾನ ಬಳಸಲು ಬಿಡು ಎಂಬ ಚೌಕವಿದೆ. ಅದಕ್ಕೆ ಗುರುತು ಹಾಕಿ. ನಂತರ ವರ್ಡ್‌ಗೆ ಹೋಗಿ ವಿಂಡೋಸ್ + ಸ್ಪೇಸ್ ಒತ್ತಿ ಕನ್ನಡ ಆರಿಸಿ, ಬ್ರೌಸರಿಗೆ ಹೋಗಿ ಇಂಗ್ಲಿಷ್ ಆರಿಸಿ. ಇನ್ನು ಮುಂದೆ ಆಲ್ಟ್ + ಟ್ಯಾಬ್‌ನಿಂದ ಹೇಗೆ ಓಡಾಡಿದರೂ ಆಯಾ ವಿಂಡೋ ತನ್ನ ಭಾಷೆ ನೆನಪಿಟ್ಟುಕೊಳ್ಳುತ್ತದೆ. ಹೊಸದಾಗಿ ತೆರೆದ ವಿಂಡೋ ಮಾತ್ರ ಮೂಲ ಭಾಷೆಯಲ್ಲೇ ಶುರುವಾಗುತ್ತದೆ, ಆದ್ದರಿಂದ ಮೂಲ ಭಾಷೆ ಇಂಗ್ಲಿಷ್ ಇರಲಿ. ಇದು ವಿಂಡೋಸ್ ಜೊತೆಗೇ ಬರುವ ಕನ್ನಡ ಕೀಲಿಮಣೆಗಳಿಗೆ ಸಲ್ಲುವ ಮಾತು. ನುಡಿ, ಬರಹದಂತಹ ಪ್ರತ್ಯೇಕ ತಂತ್ರಾಂಶದ ಮೂಲಕ ಟೈಪ್ ಮಾಡುವವರಿಗೆ ಈ ಚೌಕದಿಂದ ಏನೂ ಆಗದು. ಅವು ವಿಂಡೋಸ್‌ನ ಭಾಷಾ ಪಟ್ಟಿಯ ಹೊರಗಿದ್ದು ಕೀಲಿಗಳನ್ನು ಹಿಡಿಯುತ್ತವೆ, ಆಯಾ ತಂತ್ರಾಂಶದ ಕೀಲಿಯಿಂದಲೇ ಬದಲಿಸಿಕೊಳ್ಳಬೇಕು.

ಪ್ರಶ್ನೆ: ಹೋಂಸ್ಟೇ ಕೌಂಟರಿನಲ್ಲಿ ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಜೋಡಿಸಿದ್ದೇವೆ. ರಾತ್ರಿ ಲ್ಯಾಪ್‌ಟಾಪ್ ಮಾತ್ರ ಮನೆಗೆ ಒಯ್ದರೆ ಬುಕಿಂಗ್ ಕ್ಯಾಲೆಂಡರ್ ಕೆಳಗಿನ ಪಟ್ಟಿಯಲ್ಲಿ ಕಾಣುತ್ತದೆ, ಒತ್ತಿದರೆ ಎಲ್ಲಿಯೂ ಇಲ್ಲ. (ಮಡಿಕೇರಿ)

ಉತ್ತರ: ಅದು ಇಲ್ಲದ ಮಾನಿಟರಿನ ಜಾಗದಲ್ಲಿ ತೆರೆದುಕೊಂಡಿದೆ. ಪಟ್ಟಿಯಲ್ಲಿ ಅದನ್ನು ಒಮ್ಮೆ ಒತ್ತಿ ಮುಂದೆ ತಂದು, ವಿಂಡೋಸ್ + ಶಿಫ್ಟ್ + ಎಡ ಬಾಣ ಒತ್ತಿ ನೋಡಿ. ಬರದಿದ್ದರೆ ಆಲ್ಟ್ + ಸ್ಪೇಸ್, ಆಮೇಲೆ ಎಂ ಅಕ್ಷರ, ಆಮೇಲೆ ಯಾವುದಾದರೊಂದು ಬಾಣದ ಕೀಲಿ ಒಮ್ಮೆ. ಈಗ ಕೈ ಮೌಸ್‌ಗೆ ಬರಲಿ: ವಿಂಡೋ ಪಾಯಿಂಟರಿಗೆ ಅಂಟಿಕೊಂಡೇ ಬರುತ್ತದೆ, ಬೇಕಾದಲ್ಲಿ ಕ್ಲಿಕ್ ಮಾಡಿ ಬಿಡಿ. ಬಾಣ ಒತ್ತುವುದನ್ನು ಮರೆತರೆ ಅಂಟುವುದಿಲ್ಲ, ಹೆಚ್ಚಿನವರು ಸೋಲುವುದು ಅಲ್ಲಿಯೇ. ವಿಂಡೋ ಪರದೆ ತುಂಬ ಹಿಗ್ಗಿದ ಸ್ಥಿತಿಯಲ್ಲಿದ್ದರೆ ಎಂ ಕೆಲಸ ಮಾಡದು, ಮೊದಲು ಆಲ್ಟ್ + ಸ್ಪೇಸ್, ಆರ್ ಒತ್ತಿ ಅದನ್ನು ಕುಗ್ಗಿಸಿ.

ಮತ್ತೆ ಹೀಗಾಗದಿರಲು ಸೆಟ್ಟಿಂಗ್ಸ್ > ಸಿಸ್ಟಂ > ಡಿಸ್‌ಪ್ಲೇ > ಮಲ್ಟಿಪಲ್ ಡಿಸ್‌ಪ್ಲೇಸ್‌ನಲ್ಲಿ, ಮಾನಿಟರ್ ಜೋಡಣೆಗೆ ತಕ್ಕಂತೆ ವಿಂಡೋ ಜಾಗ ನೆನಪಿಡುವ ಚೌಕಕ್ಕೆ ಗುರುತು ಇದೆಯೇ ನೋಡಿ. ಬೆಳಿಗ್ಗೆ ಕೇಬಲ್ ಸಿಕ್ಕಿಸಿದೊಡನೆ ಕ್ಯಾಲೆಂಡರ್ ತನ್ನ ಜಾಗಕ್ಕೆ ಮರಳುತ್ತದೆ. ಲ್ಯಾಪ್‌ಟಾಪ್ 125%, ಮಾನಿಟರ್ 100% ಹೀಗೆ ಸ್ಕೇಲ್ ಬೇರೆಯಿದ್ದರೆ ಕೆಲವು ಹಳೆಯ ಆ್ಯಪ್‌ಗಳ ಅಕ್ಷರ ಮಸುಕಾಗುವುದುಂಟು. ಆ ಆ್ಯಪ್ ಮುಚ್ಚಿ ತೆರೆದರೆ ಎಷ್ಟೋ ಸಲ ಸರಿಯಾಗುತ್ತದೆ.

ಪ್ರಶ್ನೆ: ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಒಂದು ಕಡೆ ಪಾಠದ ವಿಡಿಯೊ, ಇನ್ನೊಂದು ಕಡೆ ನೋಟ್ಸ್ ಇಡುತ್ತೇನೆ. ಟೈಪ್ ಮಾಡಲು ಹೋದೊಡನೆ ಕೀಬೋರ್ಡ್ ಎದ್ದು ಎರಡನ್ನೂ ಮುಚ್ಚುತ್ತದೆ. (ಗೋಣಿಕೊಪ್ಪ, ವಿದ್ಯಾರ್ಥಿನಿ)

ಉತ್ತರ: ಟ್ಯಾಬನ್ನು ಉದ್ದಕ್ಕೆ ನಿಲ್ಲಿಸಿ. ಆಗ ಮೇಲೊಂದು ಕೆಳಗೊಂದು ಭಾಗವಾಗುತ್ತದೆ. ವಿಡಿಯೊ ಮೇಲಿರಲಿ, ಕೀಬೋರ್ಡ್ ಕೆಳಗಿನದನ್ನಷ್ಟೇ ಮುಚ್ಚುತ್ತದೆ. ಅಡ್ಡವಾಗಿಯೇ ಬೇಕೆಂದರೆ ತೇಲುವ ಕೀಬೋರ್ಡ್ ಹಾಕಿಕೊಳ್ಳಿ: ಜಿಬೋರ್ಡ್‌ನ ಮೇಲಿನ ಪಟ್ಟಿಯ ನಾಲ್ಕು ಚೌಕದ ಚಿಹ್ನೆ ಒತ್ತಿ ಫ್ಲೋಟಿಂಗ್ ಆರಿಸಿ. ಕೀಬೋರ್ಡ್ ಅಂಗೈಯಷ್ಟಾಗಿ ಮೂಲೆಗೆ ಸರಿಯುತ್ತದೆ. ಸ್ಯಾಮ್‌ಸಂಗ್ ಕೀಬೋರ್ಡ್‌ನಲ್ಲೂ ಇದೇ ಸೌಲಭ್ಯವಿದೆ. ನೋಟ್ಸ್ ದೀರ್ಘವಾದರೆ ಬ್ಲೂಟೂತ್ ಕೀಬೋರ್ಡ್ ಕೊಳ್ಳುವುದೇ ಲೇಸು.

ಕೆಲವು ಆ್ಯಪ್ ಸ್ಪ್ಲಿಟ್ ಸ್ಕ್ರೀನ್‌ಗೆ ಒಪ್ಪುವುದಿಲ್ಲ ಎಂದೂ ಬರೆದಿದ್ದೀರಿ. ಸ್ಯಾಮ್‌ಸಂಗ್ ಆದರೆ ಸೆಟ್ಟಿಂಗ್ಸ್ > ಅಡ್ವಾನ್ಸ್ಡ್ ಫೀಚರ್ಸ್ > ಲ್ಯಾಬ್ಸ್‌ನಲ್ಲಿ ಎಲ್ಲ ಆ್ಯಪ್‌ಗೂ ಮಲ್ಟಿ ವಿಂಡೋ ಎಂಬುದನ್ನು ಹಾಕಿ. ದಿನಾ ಅದೇ ಜೋಡಿ ಬಳಸುವುದಾದರೆ ನಡುವಿನ ಗೆರೆಯ ಚುಕ್ಕೆ ಒತ್ತಿ ಆ್ಯಪ್ ಪೇರ್ ಆಗಿ ಉಳಿಸಿಕೊಳ್ಳಿ, ಮರುದಿನ ಒಂದೇ ಒತ್ತಿಗೆ ಎರಡೂ ತೆರೆಯುತ್ತವೆ. ಮೈಕ್ ಬೇಡುವ ಎರಡು ಆ್ಯಪ್‌ಗಳನ್ನು ಮಾತ್ರ ಜೋಡಿ ಮಾಡಬೇಡಿ. ತರಗತಿ ನಡೆಯುವಾಗ ಧ್ವನಿ ರೆಕಾರ್ಡ್ ಮಾಡಹೊರಟರೆ ಸಾಮಾನ್ಯವಾಗಿ ಒಂದಕ್ಕಷ್ಟೇ ಧ್ವನಿ ಸಿಗುತ್ತದೆ, ಇನ್ನೊಂದರಲ್ಲಿ ಮೌನ.

ಪ್ರಶ್ನೆ: ಐಪ್ಯಾಡ್ ಅಪ್‌ಡೇಟ್ ಮಾಡಿದ ಮೇಲೆ ಮೇಲ್ಗಡೆಯ ಮೂರು ಚುಕ್ಕೆಯ ಸ್ಪ್ಲಿಟ್ ವ್ಯೂ ಹೋಗಿದೆ. (ಕುಶಾಲನಗರ)

ಉತ್ತರ: 2025ರಲ್ಲಿ ಬಂದ ಐಪ್ಯಾಡ್‌ಓಎಸ್ 26ರಲ್ಲಿ ವ್ಯವಸ್ಥೆಯೇ ಬದಲಾಗಿದೆ. ಸೆಟ್ಟಿಂಗ್ಸ್ > ಮಲ್ಟಿಟಾಸ್ಕಿಂಗ್ ಆ್ಯಂಡ್ ಜೆಸ್ಚರ್ಸ್‌ನಲ್ಲಿ ವಿಂಡೋಡ್ ಆ್ಯಪ್ಸ್ ಆರಿಸಿ. ಈಗ ಆ್ಯಪ್‌ನ ಕೆಳಮೂಲೆ ಎಳೆದರೆ ಅದು ಕುಗ್ಗುತ್ತದೆ, ಮೇಲಂಚು ಹಿಡಿದು ಎಡಕ್ಕೆ ಚಿಮ್ಮಿದರೆ ಅರ್ಧ ಪರದೆಗೆ ಅಂಟುತ್ತದೆ. ಇನ್ನೊಂದನ್ನು ಬಲಕ್ಕೆ ಚಿಮ್ಮಿ, ಹಳೆಯ ಸ್ಪ್ಲಿಟ್ ವ್ಯೂ ಅದೇ. ಮೂಲೆಯ ಬಣ್ಣದ ಬಟನ್‌ಗಳಲ್ಲಿ ಹಸಿರನ್ನು ಒತ್ತಿ ಹಿಡಿದರೂ ಜೋಡಣೆಯ ಪಟ್ಟಿ ಬರುತ್ತದೆ. ಈ ತಲೆಹರಟೆ ಬೇಡವೆನಿಸಿದರೆ ಅಲ್ಲಿಯೇ ಫುಲ್ ಸ್ಕ್ರೀನ್ ಆ್ಯಪ್ಸ್ ಇದೆ. ಮಕ್ಕಳ ಕೈಗೆ ಕೊಡುವ ಐಪ್ಯಾಡ್‌ಗೆ ಅದೇ ಸರಿ.

ಪ್ರಶ್ನೆ: ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರ್, ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ. ಪ್ರತಿ ಸಲವೂ ಎಲ್ಲ ವಿಂಡೋ ಮತ್ತೆ ಜೋಡಿಸಿಕೊಳ್ಳಬೇಕು. (ನಾಪೋಕ್ಲು)

ಉತ್ತರ: ಶಟ್‌ಡೌನ್ ಬದಲು ಹೈಬರ್ನೇಟ್ ಮಾಡಿ. ಅದು ಮೆಮೊರಿಯಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಬರೆದು ಆಮೇಲೆ ಆರುತ್ತದೆ. ಕರೆಂಟ್ ಬಂದು ಹಾಕಿದಾಗ ಪ್ರತಿ ವಿಂಡೋ, ಕರ್ಸರ್ ಇದ್ದ ಸಾಲು ಸಮೇತ, ಅಲ್ಲಲ್ಲಿಯೇ ಇರುತ್ತದೆ. ಸ್ಲೀಪ್ ಅಲ್ಲ, ಗಮನವಿರಲಿ: ಸ್ಲೀಪ್‌ಗೆ ಕರೆಂಟ್ ಬೇಕೇ ಬೇಕು, ಯುಪಿಎಸ್ ಬ್ಯಾಟರಿ ಮುಗಿದರೆ ಉಳಿಸದ ಕೆಲಸ ಹೋಗಿಬಿಡಬಹುದು. ಮೆನುವಿನಲ್ಲಿ ಹೈಬರ್ನೇಟ್ ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್ > ಪವರ್ ಆಪ್ಷನ್ಸ್ > ಪವರ್ ಬಟನ್ ಏನು ಮಾಡಬೇಕು ಎಂಬಲ್ಲಿಗೆ ಹೋಗಿ, ಮೇಲಿನ ನೀಲಿ ಸಾಲು ಒತ್ತಿ, ಕೆಳಗಿನ ಹೈಬರ್ನೇಟ್ ಚೌಕಕ್ಕೆ ಗುರುತು ಹಾಕಿ. ಅಲ್ಲಿಯೇ ಪವರ್ ಬಟನ್‌ಗೂ ಹೈಬರ್ನೇಟ್ ಕೊಟ್ಟುಬಿಟ್ಟರೆ, ಯುಪಿಎಸ್ ಕೂಗಿದೊಡನೆ ಬಟನ್ ಒಮ್ಮೆ ಒತ್ತಿದರೆ ಸಾಕು. ಒತ್ತಿ ಹಿಡಿಯಬೇಡಿ, ಹಿಡಿದರೆ ಒಮ್ಮೆಲೇ ಆರಿಹೋಗುತ್ತದೆ.

ನೀವು ಕೋಣೆಯಲ್ಲಿ ಇಲ್ಲದಾಗ ಹೋದ ಕರೆಂಟ್‌ಗೆ ಬೇರೆ ಉಪಾಯ ಬೇಕು. ಮೈಕ್ರೋಸಾಫ್ಟ್‌ನದೇ ಉಚಿತ ಪವರ್‌ಟಾಯ್ಸ್‌ನಲ್ಲಿ ವರ್ಕ್‌ಸ್ಪೇಸಸ್ ಎಂಬುದಿದೆ. ವಿಂಡೋಗಳನ್ನು ಒಮ್ಮೆ ಬೇಕಾದಂತೆ ಜೋಡಿಸಿ ಅದರಲ್ಲಿ ಉಳಿಸಿ, ಡೆಸ್ಕ್‌ಟಾಪ್‌ನಲ್ಲಿ ಐಕಾನ್ ಮಾಡಿಕೊಳ್ಳಿ. ಮುಂದೆ ಅದನ್ನು ಒತ್ತಿದರೆ ಅವೇ ಆ್ಯಪ್‌ಗಳು ಅವೇ ಜಾಗದಲ್ಲಿ ತೆರೆಯುತ್ತವೆ. ಆ್ಯಪ್ ತೆರೆಯುತ್ತದೆಯೇ ಹೊರತು ನಿಮ್ಮ ಫೈಲ್ ತಾನಾಗಿ ಬರುವುದಿಲ್ಲ. ಬ್ರೌಸರಿನ ಸ್ಟಾರ್ಟ್‌ಅಪ್ ಸೆಟ್ಟಿಂಗ್‌ನಲ್ಲಿ ಬಿಟ್ಟಲ್ಲಿಂದ ಮುಂದುವರಿಸುವುದನ್ನು ಆರಿಸಿದರೆ ಪುಟಗಳು ಸಿಗುತ್ತವೆ. ವರ್ಡ್, ಎಕ್ಸೆಲ್‌ಗಳು ಕೆಲಸದ ಪ್ರತಿಯನ್ನು ತಾವಾಗಿ ಉಳಿಸಿಕೊಳ್ಳುವ ಆಟೋರಿಕವರ್ ಮೊದಲಿಗೆ 10 ನಿಮಿಷಕ್ಕೊಮ್ಮೆ ಇರುತ್ತದೆ. ಫೈಲ್ > ಆಪ್ಷನ್ಸ್ > ಸೇವ್‌ನಲ್ಲಿ ಅದನ್ನು 2 ನಿಮಿಷಕ್ಕೆ ಇಳಿಸಿ, ಎರಡೂ ತಂತ್ರಾಂಶಗಳಲ್ಲಿ ಬೇರೆ ಬೇರೆಯಾಗಿ. ಒಂದರಲ್ಲಿ ಬದಲಿಸಿದರೆ ಇನ್ನೊಂದರಲ್ಲಿ ಬದಲಾಗುವುದಿಲ್ಲ.